ಗಡಿಗೆ ಬಿಟ್ಟ ಕೋಳಿ

ನಮ್ಮ ಮನೆಯಲ್ಲಿ ಕೋಳಿ ಸಾಕುವ ನಿರ್ಧಾರವಾದದ್ದು ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ, ವೈದ್ಯರ ಮೇಜಿನ ಮುಂದೆ. ನನ್ನ ಹೆಂಡತಿಗೆ ಹೊಟ್ಟೆಯ ಶಸ್ತ್ರಚಿಕಿತ್ಸೆಯಾಗಿ, ಮನೆಗೆ ಬಂದಮೇಲೆ ಮತ್ತೆ ತೋರಿಸಲು ಹೋದ ದಿನ ಅದು. ಪುಷ್ಯ ಮಾಸದ ಬನದ ಹುಣ್ಣಿವೆಗಿಂತ ಮೊದಲು ಎಂದು ನಾನು, ಆಮೇಲೆ ಎಂದು ಅವಳು ವಾದಿಸಿದ್ದೆವು. ಇದನ್ನು ಬರೆಯುವ ಮೊದಲು ಆಸ್ಪತ್ರೆಯ ಚೀಟಿಯನ್ನೂ ಗೋಡೆಯ ಕ್ಯಾಲೆಂಡರನ್ನೂ ಹೊಂದಿಸಿ ನೋಡಿದೆ. ಅವಳು ಹೇಳಿದ್ದೇ ಸರಿ.

ವೈದ್ಯರು ಅವಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದರು, ಇಳಿಸಿದರು, ಮತ್ತೊಮ್ಮೆ ನಿಲ್ಲಿಸಿದರು. ಯಂತ್ರ ತಪ್ಪಿರಬಹುದೆಂದು ಅವರಿಗೆ ಅನ್ನಿಸಿರಬೇಕು. ಆಮೇಲೆ ಕನ್ನಡಕ ತೆಗೆದಿಟ್ಟು, ಗಾಯ ಒಳಗಿನಿಂದ ಕೂಡಿಕೊಳ್ಳಬೇಕಾದರೆ ದೇಹಕ್ಕೆ ಸತ್ವ ಬೇಕು, ಬೇಳೆ ಹಾಲು ಸಾಲವು, ದಿನವೂ ಮೊಟ್ಟೆ ತಿನ್ನಲೇಬೇಕು ಎಂದರು. ಎದೆಯ ಮೇಲೆ ಲಿಂಗ ಧರಿಸುವ ಮನೆತನ ನಮ್ಮದು. ನನಗೆ ತಿಳಿದಮಟ್ಟಿಗೆ ನಮ್ಮ ಅಡುಗೆಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿರಲಿಲ್ಲ. ನಾನು ಅವಳ ಮುಖ ನೋಡಿದೆ. ಅವಳು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಮನೆ ಬಾಡಿಗೆಗೆ ಕೊಡುವವಳಂತೆ ಷರತ್ತು ಹೇಳಿದಳು.

"ತಿಂತೇನ್ರಿ. ಆದ್ರ ಅಂಗಡೀದು ಒಲ್ಲೆ. ಎಲ್ಲಿ ಬೆಳೀತೋ, ಏನು ತಿಂತೋ, ಹೊರಗಿನ ಬಿಸಲರ ಕಂಡಿತ್ತೋ ಇಲ್ಲೋ, ಅಂಥಾ ಪ್ರಾಣೀದು ನನ್ನ ಹೊಟ್ಟಿಗೆ ಬ್ಯಾಡ. ನನ್ನ ಕೈಲೆ ಕಾಳು ಹಾಕಿ ಸಾಕಿದ ಕೋಳೀದಾದ್ರ ತಿಂತೇನಿ. ಹುಂಜ ಇರಬಾರದು. ಮರಿ ಆಗೂ ತತ್ತಿ ತಿಂದ್ರ ಜೀವ ತಿಂದಂಗ."

ವೈದ್ಯರು ನಕ್ಕರು. "ಹಂಗಾರ ಲಗೂನ ಸಾಕ್ರಿ ಅಮ್ಮಾರ. ನಿಮ್ಮ ಮೈ ಬಾಳ ದಿನ ಕಾಯಂಗಿಲ್ಲ."

ಆ ನಗೆಯ ಹಿಂದಿನ ಮಾತನ್ನು ನಾನು ಕೇಳಿಸಿಕೊಂಡೆ. ಅವಳು ಕೇಳಿಸಿಕೊಂಡಳೋ ಇಲ್ಲವೋ ತಿಳಿಯದು. ಹಾನಗಲ್ಲಿಗೆ ಮರಳುವಾಗ ಶಿಗ್ಗಾಂವಿಯಲ್ಲಿ ಇಳಿದು ಕಬ್ಬಿಣದ ಸಾಮಾನಿನ ಅಂಗಡಿಯಲ್ಲಿ ಸಣ್ಣ ಕಣ್ಣಿನ ತಂತಿಜಾಲಿ ಕೊಂಡೆವು. ಅಂಗಡಿಯವನು ಹಾಕಿಕೊಟ್ಟ ಸ್ಟೂಲಿನ ಮೇಲೆ ಕುಳಿತು ಅವಳೇ ಜಾಲಿಯ ಕಣ್ಣುಗಳಲ್ಲಿ ಕಿರುಬೆರಳು ತೂರಿಸಿ, "ಇದರಾಗ ಹಾವಿನ ಮರಿ ಬರ್ತೈತಿ, ಇನ್ನೂ ಸಣ್ಣದು ತೋರಸ್ರಿ" ಎಂದು ಆರಿಸಿದಳು. ಆ ಕಿರುಬೆರಳು ಎಷ್ಟು ಸಣ್ಣಗಾಗಿತ್ತೆಂದರೆ, ಯಾವ ಜಾಲಿಯಲ್ಲೂ ಸಲೀಸಾಗಿ ಹೋಗಿ ಬರುತ್ತಿತ್ತು.

ನಮ್ಮ ಓಣಿಯಲ್ಲಿ ಸುದ್ದಿ ಹಬ್ಬಲು ತಡವಾಗಲಿಲ್ಲ. ಎದುರುಮನೆಯ ವ್ಯಾಪಾರಸ್ಥರು ಕಟ್ಟೆಯ ಮೇಲೆ ಕುಳಿತು, "ಏನ್ರಿ ಸರ, ಇಷ್ಟ ದಿನ ಕಲ್ಲ ಮ್ಯಾಲಿನ ಅಕ್ಷರಾ ಕೆದರಿದ್ರಿ, ಇನ್ನ ಕೋಳಿ ಕೂಡ ತಿಪ್ಪಿ ಕೆದರತೀರಂತ?" ಎಂದರು. ಉಳಿದವರು ನಕ್ಕರು. ನಾನೂ ನಕ್ಕೆ. ಶಾಸನಗಳ ಕಾಲನಿರ್ಣಯದಲ್ಲಿ ಕೆಲಸದ ಜೀವನವನ್ನೆಲ್ಲ ಕಳೆದವನು ನಾನು. ಆಡೂರಿನ ಕಲ್ಲಿನ ಮುಂದೆ ಅಕ್ಷರದ ಅಚ್ಚು ತೆಗೆಯಲು ಮಸಿಯ ಬಟ್ಟೆಯುಂಡೆ ಹಿಡಿದು ನಿಂತ ದಿನಗಳಿಂದ ನಿವೃತ್ತಿಯವರೆಗೆ ಒಂದೇ ಕೆಲಸ: ಬರೆದವನು ಹೇಳಿದ ತಿಥಿ ಅವನು ಹೇಳಿದ ವಾರಕ್ಕೆ ಕೂಡುತ್ತದೆಯೇ ಎಂದು ನೋಡುವುದು. ಕೂಡದಿದ್ದರೆ ಎಲ್ಲೋ ಒಂದು ಸುಳ್ಳಿದೆ, ಇಲ್ಲವೇ ಒಂದು ಮರೆವಿದೆ.

ಹಿತ್ತಲಿನಲ್ಲಿ ದನ ಕಟ್ಟುತ್ತಿದ್ದ ಜಾಗ ಖಾಲಿ ಬಿದ್ದಿತ್ತು. ಅದರ ನೆಲವನ್ನು ಅಗೆಸಿ, ಹೊಸ ಮಣ್ಣು ಹಾಕಿಸಿ, ಬಡಿದು ಗಟ್ಟಿ ಮಾಡಿಸಿದೆ. ಹಳೆಯ ಗ್ವಾದಲಿಯಲ್ಲಿ, ಅಂದರೆ ದನಗಳಿಗೆ ಮೇವು ಹಾಕುತ್ತಿದ್ದ ಕಟ್ಟೆಯಲ್ಲಿ, ಭತ್ತದ ಹುಲ್ಲು ಹಾಸಿ ಮೊಟ್ಟೆಯಿಡುವ ಜಾಗ ಮಾಡಿದೆವು. ರಾತ್ರಿ ಏರಿ ಕೂರಲು ಅಡ್ಡಗೋಲು ಕಟ್ಟಿದ್ದಾಯಿತು. ಹೆಂಡತಿ ಹಿತ್ತಲ ಬಾಗಿಲಲ್ಲಿ ಹೊರಸು ಹಾಕಿಸಿಕೊಂಡು, ಅಲ್ಲಿಂದಲೇ ಎಲ್ಲವನ್ನೂ ನಡೆಸಿದಳು. ಮದುವೆಯ ಚಪ್ಪರ ಹಾಕಿಸುವಾಗಿನ ಉತ್ಸಾಹ ಅವಳ ದನಿಯಲ್ಲಿತ್ತು. ಊಟಕ್ಕೆ ಕುಳಿತಾಗ ಮಾತ್ರ ಅರ್ಧ ರೊಟ್ಟಿ ಮುರಿದು, ಅದರಲ್ಲೂ ಅರ್ಧವನ್ನು ತಟ್ಟೆಯ ಅಂಚಿಗೆ ಸರಿಸುತ್ತಿದ್ದಳು.

ಕೋಳಿ ಕೊಡಲು ಒಪ್ಪಿದವಳು ಕೆರೆಯ ಏರಿಯ ಕೆಳಗಿನ ಹೆಂಗಸು. ತರಕಾರಿ ಬುಟ್ಟಿ ಹೊತ್ತು ನಮ್ಮ ಓಣಿಗೆ ಬರುವವಳು, ನನ್ನ ಹೆಂಡತಿಯ ಹಳೆಯ ಗೆಳತಿ. ಅವಳ ಅಂಗಳದಲ್ಲಿ ಜವಾರಿ ಕೋಳಿಗಳ ದೊಡ್ಡ ಹಿಂಡೇ ಇತ್ತು. ಮಗಳ ಬಾಣಂತನ, ಮನೆಯ ಹಬ್ಬ, ಎಲ್ಲವೂ ಆ ಹಿಂಡಿನ ಮೇಲೆಯೇ ನಡೆಯುತ್ತಿತ್ತು. ಗೂಡು ನೋಡಲು ಬಂದವಳು ಅಡ್ಡಗೋಲನ್ನು ಅಲುಗಾಡಿಸಿ ನೋಡಿ ನಕ್ಕಳು.

"ಅಕ್ಕಾರ, ಇದು ಕೋಳಿ ಗೂಡಲ್ರಿ, ಸರಕಾರಿ ಬಂಗ್ಲೇ. ನಮ್ಮ ಕೋಳಿ ಒಳಗ ಬರಾಕ ನಾಚಕೊಂಡ್ರ ಏನ್ ಮಾಡ್ತೀರಿ?"

"ನೀ ಅದರ ಕೂಡ ಬಂದ ಎಂಟ ದಿನಾ ಇರು, ಚಾಳಿ ಕಲಸು" ಎಂದಳು ನನ್ನ ಹೆಂಡತಿ.

"ಎರಡು ಹ್ಯಾಟಿ ಕೋಳಿ ಕೊಡ್ತೇನ್ರಿ. ತತ್ತಿ ನಿಮಗ. ಕಾವಿಗೆ ಕುಂತ್ವಂದ್ರ ನನಗ ಕೊಟ್ಟಬಿಡ್ರಿ, ನಾ ಮರಿ ಮಾಡಸ್ಕೋತೇನಿ. ಮತ್ತ ಬ್ಯಾರೇವು ತಂದ ಬಿಡ್ತೇನಿ. ಅಮಾಸಿ ಒಂದ ದಾಟ್ಲಿ."

ಅವಳು ಹೇಳಿದ್ದು ಪುಷ್ಯದ ಕೊನೆಗೆ ಬರುವ ಅವರಾತ್ರಿ ಅಮಾವಾಸ್ಯೆ. ಅದು ದಾಟುವ ಮೊದಲೇ ಮಾಸೂರಿನಿಂದ ಮೊದಲ ಸುದ್ದಿ ಬಂತು. ಅಲ್ಲಿ ಕೋಳಿಗಳು ಕುತ್ತಿಗೆ ತಿರುಚಿಕೊಂಡು ಸಾಯುತ್ತಿವೆ ಎಂದು ಬಸ್ಸಿನಲ್ಲಿ ಯಾರೋ ಹೇಳಿದರು. ಕೊಕ್ಕರೆ ರೋಗ. ನಮ್ಮ ಕಡೆ ಹೊಸದೇನಲ್ಲ. ಬೇಸಿಗೆ ಸಮೀಪಿಸಿದಾಗ ಎಲ್ಲೋ ಒಂದು ಕಡೆ ಕಾಣಿಸಿಕೊಳ್ಳುವುದೇ. ಆದರೆ ಆ ಸಲ ನನಗೆ ಅದನ್ನು ಹಾಗೆ ಬಿಡಲಾಗಲಿಲ್ಲ. ಎಲ್ಲಿ, ಯಾವಾಗ ಶುರುವಾಯಿತೆಂದು ಸಿಕ್ಕವರನ್ನೆಲ್ಲ ಕೇಳತೊಡಗಿದೆ. ಹಿರೇಕೆರೂರಿನ ಒಬ್ಬರು ಮಾಘದ ಭಾರತ ಹುಣ್ಣಿವೆಗೆ ಮೊದಲೆಂದರು, ಅವರ ಪಕ್ಕದವರು ಆಮೇಲೆಂದರು. ಆ ಊರಿನ ಒಂದು ಮದುವೆಯಲ್ಲಿ ಬೀಗರಿಗೆ ಕೋಳಿ ಸಿಗದೆ ಕುರಿ ಕಡಿಸಿದರೆಂಬ ಮಾತು ಬಂತು. ಮದುವೆಯ ಮುಹೂರ್ತ ಪಂಚಾಂಗದಲ್ಲಿ ಹುಣ್ಣಿವೆಗಿಂತ ಮುಂಚೆ ಇತ್ತು. ಹುಣ್ಣಿವೆಗೆ ಮೊದಲೆಂದವರೇ ಸರಿಯೆಂದಾಯಿತು. ಶಿವರಾತ್ರಿಯ ಹೊತ್ತಿಗೆ ತಿಳವಳ್ಳಿಯ ಹೆಸರು ಕೇಳಿಬಂತು.

ಮಾಸೂರು, ಹಿರೇಕೆರೂರು, ತಿಳವಳ್ಳಿ. ಇವನ್ನು ಒಂದರ ಮುಂದೊಂದು ಇಟ್ಟು ನೋಡಿದರೆ ಅದು ಬಸ್ಸಿನ ದಾರಿ. ಆ ದಾರಿ ಮುಂದೆ ಹಾನಗಲ್ಲಿಗೆ ಬರುತ್ತದೆ. ಕಾಲನಿರ್ಣಯದಲ್ಲಿ ನಾನು ಎಂದೂ ತಪ್ಪಾಗಲೆಂದು ಬಯಸಿದವನಲ್ಲ; ಆಗ ಬಯಸಿದೆ.

ಪಶು ಆಸ್ಪತ್ರೆಗೆ ಹೋಗಿ ಕೇಳಿದೆ. ಸವಣೂರಿನ ಕಡೆಯ ನೌಕರನೊಬ್ಬ ಅಲ್ಲಿದ್ದ. "ಈಗ ಹೊರಗಿಂದ ಒಂದ ಪುಚ್ಚಾನೂ ತರಬ್ಯಾಡ್ರಿ ಸರ" ಎಂದ. "ಲಸಿಕಿ ಹಾಕೂದು ಜಡ್ಡ ಬರೂದರೊಳಗ. ಬಂದಮ್ಯಾಗ ನಾವೂ ಕೈ ಮುಗಿಯೂದ. ತಿಳವಳ್ಳಿ ಸಂತ್ಯಾಗ ಈ ವಾರ, ಹ್ವಾದ ವಾರ ಕೋಳಿ ಮಾರಾವರ್ನ ಕುಂದ್ರಾಕ ಬಿಟ್ಟಿಲ್ಲ." ಏರಿಯ ಕೆಳಗಿನವಳೂ ತನ್ನ ಹಿಂಡಿಗೆ ಲಸಿಕೆ ಹಾಕಿಸಿ, ಹೊರಗೆ ಬಿಡದೆ ಕೂಡಿಹಾಕಿದ್ದಳು. "ಈಗ ಕೊಟ್ಟೆನಂದ್ರ ನಿಮಗ ಕೋಳಿ ಕೊಟ್ಟಂಗಲ್ಲ, ಕಣ್ಣೀರು ಕೊಟ್ಟಂಗ. ಉಗಾದಿ ಆಗ್ಲಿ" ಎಂದಳು.

ಗೂಡು ಸಿದ್ಧವಾಗಿ ಖಾಲಿ ನಿಂತಿತು. ಹೆಂಡತಿ ದಿನವೂ ಬೆಳಿಗ್ಗೆ ಅದರ ಮುಂದೆ ಹೊರಸಿನ ಮೇಲೆ ಕೂರುತ್ತಿದ್ದಳು. ತೊಟ್ಟಿಯ ನೀರನ್ನು ಚೆಲ್ಲಿಸಿ ಹೊಸ ನೀರು ತುಂಬಿಸುತ್ತಿದ್ದಳು. ಕುಡಿಯಲು ಗುಬ್ಬಿಗಳು ಬರುತ್ತಿದ್ದವು. ಒಮ್ಮೆ ನಾನು ತಡೆಯಲಾರದೆ, ಅಲ್ಲಿಯವರೆಗಾದರೂ ಅಂಗಡಿಯವನ್ನು ತರಲೇ ಎಂದು ಕೇಳಿದೆ.

"ಮಾತಂದ್ರ ಮಾತ್ರಿ. ನೀವು ಕಲ್ಲಿನ ಮ್ಯಾಲ ಬರದದ್ದ ನಂಬಾವ್ರು. ನನ್ನ ಮಾತು ಅದಕ್ಕಿಂತ ಸಡ್ಲ ಅಂತ ತಿಳದೀರೇನು?"

ಅವಳು ಹೀಗೆ ಅಂದಾಗ ಸಿಟ್ಟಿನ ಜೊತೆಗೆ ಒಂದು ನೆಮ್ಮದಿಯೂ ಆಗುತ್ತಿತ್ತು. ಹಟ ಮಾಡಲು ಬೇಕಾದಷ್ಟು ಶಕ್ತಿ ಇನ್ನೂ ಅವಳಲ್ಲಿದೆ ಎಂದುಕೊಳ್ಳುತ್ತಿದ್ದೆ.

ಹೋಳಿ ಹುಣ್ಣಿವೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳ ತಮ್ಮ ಮೋಟಾರ್ ಸೈಕಲ್ಲಿನಲ್ಲಿ ಬಂದ. ತಿಳವಳ್ಳಿಯ ಹತ್ತಿರದ ಹಳ್ಳಿಯಲ್ಲಿ ಭತ್ತ, ಗೋವಿನಜೋಳ ಬೆಳೆಯುವವನು. ಯಾವ ದೇವರಿಗೂ ಕೈಮುಗಿಯದವನೆಂದು ಹೆಸರಾದವನು. ಹ್ಯಾಂಡಲಿಗೆ ತೂಗುಹಾಕಿದ ಕೈಚೀಲದಿಂದ ಒಂದು ಕೋಳಿಯ ತಲೆ ಹೊರಗಿತ್ತು. ಕೆಂಪು ಮೈ, ಕರಿಯ ಬಾಲ, ಚೊಕ್ಕ ಹೇಂಟೆ. ಸಾಕಿದವರ ಕೈಯಲ್ಲಿ ಬೆಳೆದದ್ದೆಂದು ನೋಡಿದರೇ ತಿಳಿಯುತ್ತಿತ್ತು.

"ಅಕ್ಕಾ, ನೋಡು ನಿನ್ನ ಮನಿ ಸೊಸಿ. ಸಂತ್ಯಾಗ ಆರಿಸಿ ತಂದೇನಿ. ಇದಕ್ಕ ಗಂಡನ್ನ ಮಾತ್ರ ಹುಡಕಬ್ಯಾಡ, ನಿನಗ ಹುಂಜ ಬ್ಯಾಡಂತಲ್ಲ."

ನಾನು ಬಾಯಿ ತೆರೆಯುವುದರೊಳಗೆ ಅವಳು ಹೊರಸಿನಿಂದ ಇಳಿದಿದ್ದಳು. ಆಸ್ಪತ್ರೆಯಿಂದ ಬಂದಮೇಲೆ ಯಾರ ಕೈಯನ್ನೂ ಹಿಡಿಯದೆ ಅವಳು ಎದ್ದದ್ದು ಅದೇ ಮೊದಲು. ಕೋಳಿಯನ್ನು ಎರಡೂ ಕೈಗಳಲ್ಲಿ ಎತ್ತಿಕೊಂಡು ಹೋಗಿ ಗೂಡಿನೊಳಗೆ ಬಿಟ್ಟಳು. ರೋಗದ ಮಾತೆತ್ತಿದೆ. "ಚೊಲೋ ಐತ್ರಿ ಮಾಮಾರ, ಕಾಳು ಹೆಂಗ ಮುಕ್ಕಾಕತ್ತೈತಿ ನೋಡ್ರಲ್ಲ" ಎಂದ ಮೈದುನ. ನಿಜ, ಕೋಳಿ ಜೋಳವನ್ನು ಆತುರದಿಂದ ತಿನ್ನುತ್ತಿತ್ತು. ಅದರ ಎಡಗಾಲಿನ ಮೇಲೆ ಹಳದಿ ಬಣ್ಣದ ಕಲೆಯಿತ್ತು. ಕಂಡೆ, ಏನೆಂದು ಯೋಚಿಸಲಿಲ್ಲ. ಹೆಂಡತಿಯ ಮುಖವನ್ನು ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಗ್ವಾದಲಿಯ ಹುಲ್ಲಿನಲ್ಲಿ ಒಂದು ಮೊಟ್ಟೆಯಿತ್ತು. ಅವಳು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಬಿಸುಪು ನೋಡಿದಳು. ಅಡುಗೆಮನೆಯೊಳಗೆ ಒಯ್ಯದೆ ಹಿತ್ತಲಲ್ಲೇ ಮೂರು ಕಲ್ಲು ಹೂಡಿ ಬೇಯಿಸಿದೆವು. ಸಿಪ್ಪೆ ಸುಲಿಯಲು ಇಬ್ಬರಿಗೂ ಬರಲಿಲ್ಲ. ಅರ್ಧ ಬಿಳಿಭಾಗ ಸಿಪ್ಪೆಗೇ ಅಂಟಿಕೊಂಡಿತು. ಉಪ್ಪು, ಮೆಣಸಿನ ಪುಡಿ ಹಾಕಿಸಿಕೊಂಡು, ಕಣ್ಣು ಮುಚ್ಚಿ, ಅವಳು ಪೂರ್ತಿ ತಿಂದಳು. ತಿಂದು, "ಹಸಿ ಶೇಂಗಾ ಕುದಿಸಿದಂಗ ಐತಿ. ಇಷ್ಟಕ್ಕ ಜನಾ ಅಷ್ಟ ಬಡದಾಡ್ತಾರೇನು?" ಎಂದಳು. ಆ ಮಧ್ಯಾಹ್ನ ಒಂದು ಪೂರ್ತಿ ರೊಟ್ಟಿ ತಿಂದಳು. ನಾನು ತಟ್ಟೆಯ ಅಂಚನ್ನೇ ನೋಡುತ್ತಿದ್ದೆ. ಅಲ್ಲಿ ಏನೂ ಉಳಿದಿರಲಿಲ್ಲ.

ಸಂಜೆ ಪಂಚಾಂಗ ತಿರುವುತ್ತಿದ್ದಾಗ, ಪಶು ಆಸ್ಪತ್ರೆಯವನು ಹೇಳಿದ್ದು ತಟ್ಟನೆ ನೆನಪಾಯಿತು. ಸಂತೆಯಲ್ಲಿ ಕೋಳಿ ಮಾರುವವರನ್ನು ಕೂರಗೊಟ್ಟಿಲ್ಲ. ಮೈದುನ ಸಂತೆಯಲ್ಲಿ ತಂದೆನೆಂದ. ಎರಡೂ ಕೂಡುವುದಿಲ್ಲ. ಆಸ್ಪತ್ರೆಗೆ ಫೋನು ಮಾಡಿ ಮತ್ತೆ ಕೇಳಿದೆ. ನಿಷೇಧ ಇನ್ನೂ ಇದೆಯೆಂದರು. ಅಂಗಳಕ್ಕೆ ಹೋಗಿ ನಿಂತು ಮೈದುನನಿಗೆ ಫೋನು ಮಾಡಿದೆ.

"ಯಾವ ಸಂತಿ ಅದು?" ಎಂದೆ.

"ಮಾಮಾರ, ಶಾಸನಾ ಓದಿದಂಗ ನನ್ನ ಓದಬ್ಯಾಡ್ರಿ" ಎಂದು ನಕ್ಕ. ನಾನು ನಗಲಿಲ್ಲ. ಆಗ ಹೇಳಿದ. "ನಮ್ಮ ಹೊಲದ ಬದುವಿನ ಮ್ಯಾಲ ಇತ್ರಿ. ಆಚೀ ಊರಿನವ್ರು ದೇವೀನ್ನ ಗಡಿ ದಾಟಿಸ್ಯಾರ. ಮೊರದಾಗ ಬೇವಿನ ಸೊಪ್ಪು, ಹಸರ ಬಳಿ, ಮೊಸರನ್ನ ಇಟ್ಟು, ಹಲಗಿ ಬಡಕೋತ ಬಂದು, ಕೋಳಿ ಬಿಟ್ಟ ಹೋಗ್ಯಾರ. ನಮ್ಮೂರಾಗ ಯಾರೂ ಮುಟ್ಟಾಕ ತಯಾರಿಲ್ಲ. ನಾಯಿ ತಿನ್ನೂದರ ಬದ್ಲಿ ಅಕ್ಕಗ ಒಂದ ತತ್ತಿ ಆಗ್ಲಿ ಅಂತ ತಂದೆ. ಖರೇ ಹೇಳಿದ್ರ ಅಕಿ ಒಳಗ ತಗೋತಿದ್ಲೇನ್ರಿ? ನಾ ಅದನ್ನೆಲ್ಲ ನಂಬೂದಿಲ್ಲ. ನೀವರ ನಂಬ್ತೀರೇನು?"

ನಂಬುವುದಿಲ್ಲ ಎಂದೆ.

"ಮತ್ತ?"

"ಆ ಊರಾಗ ಕೋಳಿ ಸಾಯಾಕತ್ತು ಎಷ್ಟ ದಿನಾ ಆತು?"

 ಅವನ ಹಿಂದೆ ಎಲ್ಲೋ ಪಂಪಿನ ಸದ್ದು ಕೇಳುತ್ತಿತ್ತು. "ಬಾಳ ಸತ್ತಾವಂತ್ರಿ" ಎಂದ ಕೊನೆಗೆ, ಬೇರೆ ಯಾರದೋ ದನಿಯಲ್ಲಿ.

ನಮ್ಮ ಹಳ್ಳಿಗಳಲ್ಲಿ ಬೇನೆ ಬಂದಾಗ ದೇವಿಯನ್ನು ಊರ ಗಡಿಗೆ ಒಯ್ದು ಬಿಟ್ಟು ಬರುವ ಪದ್ಧತಿಯನ್ನು ನಾನು ಬಲ್ಲೆ. ಮುಂದಿನ ಊರಿನವರು ಅದನ್ನು ತಮ್ಮ ಆಚೆಯ ಗಡಿಗೆ ಸಾಗಿಸಬೇಕು, ಅವರ ಮುಂದಿನವರು ಇನ್ನೂ ಆಚೆಗೆ. ಕಾಲಿಗೆ ಅರಿಶಿನ ಹಚ್ಚಿ ಬಿಟ್ಟ ಕೋಳಿಯನ್ನು ಯಾರೂ ಮನೆಗೆ ತರುವುದಿಲ್ಲ. ಇದರ ಬಗ್ಗೆ ಒಂದು ಲೇಖನದಲ್ಲಿ ನಾಲ್ಕು ಸಾಲು ಬರೆದದ್ದೂ ಉಂಟು. ಆದರೆ ಕೋಳಿಯನ್ನೇ ಸಾಕದ ಮನೆಯವರಿಗೆ ಕೋಳಿಯ ಕಾಲು ನೋಡುವ ರೂಢಿ ಎಲ್ಲಿಂದ ಬರಬೇಕು? ದೇವಿಯನ್ನು ನಂಬದ ಮೈದುನ, ಆ ಮೊರವೂ ಬೇವೂ ಇಲ್ಲಿ ಸಾವಿದೆ ಎಂದು ಸಾರುತ್ತಿದ್ದುದನ್ನು ಕೂಡ ದೇವಿಯ ಜೊತೆಗೇ ತಳ್ಳಿಹಾಕಿದ್ದ.

ಹೆಂಡತಿಗೆ ಹೇಗೆ ಹೇಳುವುದೆಂದು ನಾನು ಯೋಚಿಸುತ್ತಿರುವಾಗಲೇ ಮರುದಿನ ಏರಿಯ ಕೆಳಗಿನವಳು ಬಂದಳು. ಕೋಳಿ ಬಂದ ಸುದ್ದಿ ಕೇಳಿ, ನೋಡಲೆಂದು ಹಿತ್ತಲಿಗೆ ನಡೆದವಳು ಜಾಲಿಯ ಹತ್ತಿರ ಬಗ್ಗಿ, ಹಾವು ಕಂಡವಳಂತೆ ಹಿಂದೆ ಸರಿದಳು.

"ಅಕ್ಕಾರ, ಇದರ ಕಾಲಾಗ ಅರಿಷಿಣ ಐತಿ. ಎಲ್ಲಿಂದ ಬಂತ್ರಿ ಇದು?"

ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಂಡತಿ ಹೊರಸಿನ ಮೇಲಿಂದ ನನ್ನನ್ನೂ ಕೋಳಿಯನ್ನೂ ನೋಡಿದಳು. ಆ ಬೆಳಿಗ್ಗೆ ಹುಲ್ಲಿನಲ್ಲಿ ಮೊಟ್ಟೆಯಿರಲಿಲ್ಲ. ಕೋಳಿ ಮೂಲೆಯಲ್ಲಿ ರೆಕ್ಕೆ ಇಳಿಬಿಟ್ಟುಕೊಂಡು ನಿಂತಿತ್ತು.

"ಇಂದ ದಾಟಿಸಿಬಿಡ್ರಿ" ಎಂದಳು ಗೆಳತಿ. "ಇದು ನಿಮ್ಮನ್ಯಾಗ ಇರಬಾರದು. ನಮ್ಮ ಊರಾಗ ಇರಬಾರದು. ಆಡೂರ ಹಾದ್ಯಾಗ ಗಡಿಗೆ ಬಿಟ್ಟ ಬಂದ್ರ ಮುಂದ ಅವ್ರು ನೋಡ್ಕೋತಾರ."

"ಮುಂದ ಯಾರರ ಹಿತ್ತಲದಾಗ ಕೋಳಿ ಇಲ್ಲೇನವಾ?" ಎಂದಳು ಹೆಂಡತಿ.

"ಇರ್ತಾವ್ರಿ. ಅವ್ರು ಮತ್ತ ಮುಂದ ದಾಟಸ್ತಾರ."

"ಹಂಗ ದಾಟಿಸಿ ದಾಟಿಸೇ ನನ್ನ ಮನೀಗೆ ಬಂದೈತಿ." ಹೆಂಡತಿಯ ದನಿ ಸಣ್ಣದಾಗಿತ್ತು, ಆದರೆ ನಡುಗಲಿಲ್ಲ. "ನನ್ನ ಬ್ಯಾನಿ ನಾ ಯಾರಿಗೆ ದಾಟಸ್ಲಿ? ಇದರದೂ ಹಂಗ. ಇಲ್ಲೇ ಇರ್ಲಿ. ಬಾಗ್ಲಾ ಹಾಕ್ರಿ."

"ನೀವು ಇದರ ತತ್ತಿ ತಿಂದೀರೇನ್ರಿ?" ಎಂದು ಗೆಳತಿ ಕೇಳಿದಳು.

ಹೆಂಡತಿ ಹಿತ್ತಲಲ್ಲಿ ಹೂಡಿದ್ದ ಮೂರು ಕಲ್ಲುಗಳ ಕಡೆ ನೋಡಿದಳು. ಗೆಳತಿಗೆ ತಿಳಿಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಬೇಯಿಸಿದ ಮೊಟ್ಟೆಯಿಂದ ಮನುಷ್ಯರಿಗೆ ಅಪಾಯವಿಲ್ಲವೆಂದು ನಾನು ಹೇಳಿದೆ. ಪಶು ಆಸ್ಪತ್ರೆಯವರನ್ನು ಕೇಳಿ ಖಚಿತಪಡಿಸಿಕೊಂಡ ಮಾತು ಅದು. ಆದರೆ ಆ ಹಿತ್ತಲಲ್ಲಿ ನಿಂತಾಗ ನನ್ನ ಕಿವಿಗೇ ಅದು ಹಗುರಾಗಿ ಕೇಳಿಸಿತು. ಗೆಳತಿ ಹೊರಗಿನ ನಲ್ಲಿಯಲ್ಲಿ ಮೊಣಕಾಲಿನವರೆಗೆ ತೊಳೆದುಕೊಂಡು, ಚಪ್ಪಲಿಯನ್ನು ಕೈಯಲ್ಲಿ ಹಿಡಿದು ಹೊರಟಳು. ಬಾಗಿಲಲ್ಲಿ ನಿಂತು, "ಸಿಟ್ಟ ಮಾಡ್ಕೋಬ್ಯಾಡ್ರಿ ಅಕ್ಕಾರ. ಈ ಜಾಗಕ್ಕ ನಾ ಈಗ ಕೋಳಿ ಕೊಡೂದಿಲ್ಲ. ಉಗಾದಿಗೂ ಇಲ್ಲ. ನನಗ ಆ ಹಿಂಡ ಆಧಾರ" ಎಂದಳು. ಸಿಟ್ಟಾಗಲು ಕಾರಣವೇ ಇರಲಿಲ್ಲ. ಆ ನೆಲ ಬಹಳ ಕಾಲ ಕೋಳಿಗೆ ಆಗಿಬರುವುದಿಲ್ಲವೆಂದು ಪಶು ಆಸ್ಪತ್ರೆಯವನೂ ಹೇಳಿದ್ದ.

ಮುಂದಿನದನ್ನು ನಾನು ಪ್ರತಿದಿನ ನೋಡಿದೆ. ಕೋಳಿ ಕಾಳು ಬಿಟ್ಟಿತು. ಕೊಕ್ಕಿನಿಂದ ನೀರಿನಂಥ ದಾರ ಇಳಿಯತೊಡಗಿತು, ಹಿಕ್ಕೆ ಹಸಿರಾಯಿತು. ಆಮೇಲೆ ಕುತ್ತಿಗೆ ನಿಧಾನವಾಗಿ ಒಂದು ಬದಿಗೆ ತಿರುಗುತ್ತ ಹೋಗಿ, ಆಕಾಶವನ್ನು ಓರೆಗಣ್ಣಿನಿಂದ ನೋಡುವಂತೆ ನಿಂತಿತು. ಅದು ಹಿಂದುಹಿಂದಕ್ಕೆ ನಡೆಯುತ್ತ, ಸುತ್ತುತ್ತ, ಜಾಲಿಗೆ ಬಡಿದುಕೊಳ್ಳುತ್ತಿತ್ತು. ಒಳಗೆ ಬಾ ಎಂದರೂ ಹೆಂಡತಿ ಎದ್ದು ಬರಲಿಲ್ಲ. ಕೊನೆಯ ದಿನ ಮಾತ್ರ ಅವಳು ಹೊರಸನ್ನು ಬಾಗಿಲಿನಿಂದ ಒಳಗೆ ತೆಗೆಸಿ, ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಅಂದು ಮಧ್ಯಾಹ್ನ ಕೋಳಿ ಸತ್ತಿತು. ಆಳವಾದ ಕುಣಿ ತೋಡಿಸಿ, ಸುಣ್ಣ ಸುರಿದು ಹುಗಿಸಿದೆ. ಹುಲ್ಲನ್ನು ಸುಟ್ಟೆ. ಗೂಡಿಗೂ ಗ್ವಾದಲಿಗೂ ಸುಣ್ಣ ಹೊಡೆಸಿದಾಗ ಹಿತ್ತಲೆಲ್ಲ ಬೆಳ್ಳಗಾಗಿ, ಕಣ್ಣು ಕುಕ್ಕುತ್ತಿತ್ತು.

ಏರಿಯ ಕೆಳಗಿನ ಹಿಂಡು ಉಳಿಯಿತು. ಲಸಿಕೆ ಸಮಯಕ್ಕೆ ಸರಿಯಾಗಿ ಬಿದ್ದಿತ್ತು. ಊರಿನ ಬೇರೆ ಕಡೆ ಕೆಲವು ಸತ್ತವೆಂದು ಕೇಳಿದೆ. ಅವು ನಮ್ಮ ಹಿತ್ತಲಿಗೆ ಆ ಕೋಳಿ ಬರುವ ಮೊದಲು ಸತ್ತವೋ ಆಮೇಲೋ ಎಂದು ವಿಚಾರಿಸಿದೆ. ಒಬ್ಬೊಬ್ಬರು ಒಂದೊಂದು ಹೇಳಿದರು. ಹೋಲಿಸಿ ನೋಡಲು ಮದುವೆಯಾಗಲಿ ಹಬ್ಬವಾಗಲಿ ಆ ನಡುವೆ ಇರಲಿಲ್ಲ. ನಿರ್ಣಯವಾಗದ ಕಾಲವೆಂದೇ ಅದನ್ನು ಬಿಟ್ಟಿದ್ದೇನೆ.

ಕೋಳಿಯನ್ನು ಹುಗಿದ ಮರುದಿನ ಮುಂಜಾನೆ ಚಹಾ ಕೊಟ್ಟಾಗ ಹೆಂಡತಿ ಗೋಡೆಯ ಕಡೆಯಿಂದ ತಿರುಗಲಿಲ್ಲ. ಅತ್ತ ನೋಡುತ್ತಲೇ ಹೇಳಿದಳು.

"ರೀ, ಅಂಗಡ್ಯಾಗಿನವ ತರ್ರಿ."

ಏನನ್ನು ಎಂದು ಕೇಳುವ ಅಗತ್ಯವಿರಲಿಲ್ಲ, ಆದರೂ ಕೇಳಿದೆ. ಅವಳು ತನ್ನ ಷರತ್ತನ್ನು ನೆನಪಿಸಿಕೊಳ್ಳಲಿ, ನನ್ನ ಮೇಲೆ ರೇಗಲಿ ಎಂದು ಕೇಳಿದೆ.

"ತತ್ತಿ. ಡಾಕ್ಟರು ತಿನ್ನಂದಾರಲ್ಲ. ಎಲ್ಲೀವಾದ್ರೇನು."

ಮೂಲೆಯ ಅಂಗಡಿಗೆ ಹೋಗಿ ತಂದೆ. ಆಸ್ಪತ್ರೆಯಿಂದ ಬಂದಂದಿನಿಂದ ಅವಳ ಬಾಯಿಂದ ಬರಲೆಂದು ನಾನು ಹಾರೈಸಿದ್ದ ಮಾತೇ ಅದು. ಅಂಗಡಿಯವನು ಕೊಟ್ಟ ಚಿಲ್ಲರೆಯನ್ನು ಎಣಿಸದೆ ಬಂದೆ. ಬೇಯಿಸಲು ಹಿತ್ತಲಿಗೆ ಹೋಗಲಿಲ್ಲ. ಅವಳು ಬೇಡವೆನ್ನಲಿಲ್ಲವಾಗಿ ಒಳಗಿನ ಒಲೆಯ ಮೇಲೆಯೇ ಇಟ್ಟೆ. ಸಿಪ್ಪೆ ಈ ಸಲ ಸಲೀಸಾಗಿ ಬಂತು. ತಟ್ಟೆಯನ್ನು ಅವಳ ಮುಂದಿಟ್ಟು, ಉಪ್ಪು ಹಾಕಲೇ, ಮೆಣಸಿನ ಪುಡಿ ಹಾಕಲೇ ಎಂದು ಕೇಳಿದೆ.

"ಏನರ ಹಾಕ್ರಿ" ಎಂದಳು.

ಊಟದ ವಿಷಯದಲ್ಲಿ ಆ ಮಾತನ್ನು ಅವಳ ಬಾಯಿಂದ ನಾನು ಎಂದೂ ಕೇಳಿರಲಿಲ್ಲ. ಎರಡನ್ನೂ ಹಾಕಿದೆ. ಅವಳು ಕಣ್ಣು ಮುಚ್ಚಲಿಲ್ಲ, ರುಚಿ ಹೇಳಲಿಲ್ಲ. ನಾನು ಕೊಟ್ಟಷ್ಟನ್ನೂ ತಿಂದು, ತಟ್ಟೆಯನ್ನು ನನ್ನ ಕಡೆಗೆ ಸರಿಸಿದಳು.